ಸೀಟಿ ಊದಿದ ಮೇಲಿನ ಅಭ್ಯಾಸ

ದೋಹಾದ ಹೊರಗೆ ಅಲ್ ರಯ್ಯಾನ್ ಕಡೆಯ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಕೆಲವು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆಟಗಾರರ ತೊಡೆ, ಮೊಣಕಾಲು, ಹಿಮ್ಮಡಿಗಳ ಜೊತೆಗೇ ನನ್ನ ದಿನ ಕಳೆಯುತ್ತಿತ್ತು. ಋತು ಮುಗಿದು, ರಜೆ ಮುಗಿಸಿ ಅವರು ಮರಳಿದ ಮೇಲೆ, ಬೇಸಿಗೆಯ ಮೊದಲ ವಾರಗಳಲ್ಲಿ ಅಭ್ಯಾಸಕ್ಕೆ ಒಪ್ಪಂದದಲ್ಲೇ ಒಂದು ಮಿತಿಯಿತ್ತು. ದಿನಕ್ಕೆ ಒಂದೇ ಸಲ, ಅದೂ ಒಂದೂವರೆ ಗಂಟೆ. ರಜೆಯಲ್ಲಿ ಸಡಿಲಾದ ದೇಹವನ್ನು ಆ ಬಿಸಿಲಲ್ಲಿ ಒಮ್ಮೆಲೇ ದುಡಿಸಿದರೆ ಸ್ನಾಯು ಹರಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊಸದಾಗಿ ಬಂದ ಯುರೋಪಿನ ಕೋಚ್‌ಗೂ ಗೊತ್ತಿತ್ತು.

ಅವರು ಮಿತಿಯನ್ನು ಒಂದು ದಿನವೂ ಮೀರಲಿಲ್ಲ. ಬೆಳಗಿನ ನಮಾಜಿನ ಬೆನ್ನಿಗೇ ಅಭ್ಯಾಸ ಶುರುವಾಗಿ, ಗಡಿಯಾರ ನೋಡಿಯೇ ಕೊನೆಯ ಸೀಟಿ ಊದುತ್ತಿದ್ದರು. ಆಮೇಲೆ ಕ್ಲಬ್ಬಿನ ಅಂಗಿ ಕಳಚಿ ಬೇರೊಂದು ಬಿಳಿ ಅಂಗಿ ತೊಟ್ಟು, ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಮೊದಲ ದಿನವೇ ಎಲ್ಲರಿಗೂ ನಗುತ್ತಾ ಹೇಳಿದ್ದರು: "ಈಗ ನಾನು ಕೋಚ್ ಅಲ್ಲ. ಒಳಗೆ ಹೋಗುವವರು ಹೋಗಬಹುದು. ಉಳಿಯುವವರು ಯಾರು ಅಂತ ನೋಡಲು ನನಗೆ ಇಷ್ಟ."

ಒಳಗೆ ಹೋದವರ ಹೆಸರು ಮಾರನೆಯ ದಿನ ಅವರಿಗೆ ಮರೆತುಹೋಗಿರುತ್ತಿತ್ತು. ಬೇಕೆಂದೇ ತಪ್ಪು ಹೆಸರು ಹಿಡಿದು ಕರೆಯುತ್ತಿದ್ದರು.

ಪಶ್ಚಿಮ ಆಫ್ರಿಕಾದಿಂದ ಬಂದ ಒಬ್ಬ ಡಿಫೆಂಡರ್ ದಿನವೂ ಉಳಿದು ಓಡುತ್ತಿದ್ದ. ವಯಸ್ಸು ಮೂವತ್ತು ದಾಟಿತ್ತು. ಹಿಂದಿನ ಋತುವಿನಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿಕೊಂಡು ಹೆಚ್ಚು ಪಂದ್ಯ ಆಡಿರಲಿಲ್ಲ. ಒಪ್ಪಂದ ಮುಂದುವರಿಸುವುದೋ ಬೇಡವೋ ಎಂದು ಕೋಚ್ ಆ ಬೇಸಿಗೆಯಲ್ಲೇ ತೀರ್ಮಾನಿಸಬೇಕಿತ್ತು. ಅವನ ಹಿಮ್ಮಡಿಯನ್ನು ಚಳಿಗಾಲವಿಡೀ ನೋಡಿಕೊಂಡವನು ನಾನೇ. ಹೆಚ್ಚಿಗೆ ಓಡಬೇಡ, ಇದು ತಡೆಯುವುದಿಲ್ಲ ಎಂದು ಕೈಹಿಡಿದು ಹೇಳಿದ್ದೆ. ಬೆಂಚಿನ ಮೇಲೆ ಕೂತರೆ ಹಿಮ್ಮಡಿ ಚೆನ್ನಾಗಿಟ್ಟುಕೊಂಡು ಏನು ಮಾಡಲಿ ಎಂದು ಅವನು ಕೇಳಿದ. ಕೋಚ್ ಬಳಿಯೂ ಹೋದೆ. ಅವನು ಸ್ವಂತ ಇಷ್ಟದಿಂದ ಓಡುತ್ತಿದ್ದಾನೆ, ತಾನು ಹೇಗೆ ತಡೆಯಲಿ ಎಂದರು.

ಅವನು ನಿಲ್ಲುವಂತೆ ಕಂಡಾಗಲೆಲ್ಲ ಕುರ್ಚಿಯಲ್ಲಿದ್ದ ಕೋಚ್ ಬೆರಳು ಮೇಲೆತ್ತುತ್ತಿದ್ದರು, ಇನ್ನೊಂದು ಎಂಬಂತೆ. ಬಾಯಿ ಬಿಡುತ್ತಿರಲಿಲ್ಲ.

ಆ ದಿನ ಬಿಸಿಲು ಆಗಲೇ ಏರಿತ್ತು. ಬೇರೆಯವರೆಲ್ಲ ಒಳಗೆ ಎಸಿಯಲ್ಲಿದ್ದರು. ಬೆರಳು ಮೇಲೆದ್ದಿತು. ಅವನು ತಿರುಗಿ ಓಡಲು ಕಾಲೂರಿದ. ಒಣ ಕೋಲು ಮುರಿದಂಥ ಸದ್ದು ನಾನು ನಿಂತಲ್ಲಿಗೂ ಕೇಳಿಸಿತು. ಯಾರು ಒದ್ದದ್ದು ಎಂದು ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಬಿದ್ದ. ನಾನು ಓಡಿಹೋಗಿ ಮುಟ್ಟಿ ನೋಡಿದರೆ, ಸ್ನಾಯುರಜ್ಜು ಇರಬೇಕಾದಲ್ಲಿ ಬೆರಳು ತಗ್ಗಿಗೆ ಇಳಿಯಿತು. ತಲೆ ಎತ್ತಿದಾಗ ಕುರ್ಚಿ ಖಾಲಿಯಾಗಿತ್ತು.

ಕ್ಲಬ್ಬಿನ ಆಡಳಿತ ನೋಡಿಕೊಳ್ಳುತ್ತಿದ್ದವರು ನಮ್ಮ ಕರಾವಳಿಯವರೇ, ಅಪ್ಪನ ಕಾಲದಿಂದ ಇಲ್ಲೇ ನೆಲೆಸಿದ ಬ್ಯಾರಿ ಕುಟುಂಬದವರು. ಪ್ರತಿ ಈದ್‌ಗೂ ಅವರ ಮನೆಯಲ್ಲಿ ನನಗೆ ಊಟ. ಅವರು ನಡೆಸಿದ ವಿಚಾರಣೆಯಲ್ಲಿ ನಾನು ಕುರ್ಚಿ, ಬೆರಳು ಎಲ್ಲವನ್ನೂ ಹೇಳಿದೆ. ಸೀಟಿ ಊದಿದ ಮೇಲೆ ಏನಾಯಿತೆಂದು ತಮಗೆ ಗೊತ್ತಿಲ್ಲ ಎಂದರು ಆಟಗಾರರು. ಹಾಗೆಂದವರಲ್ಲಿ ಆ ಡಿಫೆಂಡರನ ಜೊತೆ ಒಂದೇ ಫ್ಲಾಟಿನಲ್ಲಿದ್ದವನೂ ಒಬ್ಬ. ಮುಂದಿನ ಋತುವಿಗೆ ಡಿಫೆಂಡರನ ಜಾಗ ಇವನಿಗೇ ಸಿಕ್ಕಿತು.

ಆಡಳಿತದವರು ಆಮೇಲೆ ನನ್ನನ್ನು ಚಹಾಕ್ಕೆ ಕೂರಿಸಿಕೊಂಡರು.

"ಮಾರಾಯ್ರೇ, ಮಿತಿ ಮೀರಿದ್ದು ಕ್ಲಬ್ ಅಲ್ಲ, ಅವನು. ಹೇಳಿದ ಟೈಮಿಗಿಂತ ಜಾಸ್ತಿ ಓಡಿದ್ದು ಅವನೇ ಅಲ್ವಾ? ಕಾಂಟ್ರಾಕ್ಟ್ ಮುರಿದವನೂ ಅವನೇ ಆಯ್ತು."

"ಆ ರೂಲ್ ಮಾಡಿದ್ದೇ ಅವನ ಕಾಲು ಉಳೀಲಿ ಅಂತ," ಎಂದೆ.

"ಹೌದು. ಅವನು ಅದನ್ನು ಪಾಲಿಸ್ಬೇಕಿತ್ತು. ಖಲಾಸ್. ಚಹಾ ತಣ್ಣಗಾಗ್ತದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ಸರಿಸಿದರು.

ಪ್ಲಾಸ್ಟರ್ ಬಿಚ್ಚುವ ಮೊದಲೇ ಅವನನ್ನು ಊರಿಗೆ ಕಳಿಸಿದರು. ಕ್ಲಬ್ಬಿನ ಕಾರು ಬರಲಿಲ್ಲ, ಅಲ್ ಹಿಲಾಲ್ ಬಡಾವಣೆಯ ಅವನ ಫ್ಲಾಟಿಗೆ ನನ್ನ ಕಾರಿನಲ್ಲೇ ಹೋಗಿ ಕರೆತಂದೆ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತರಿಸಿದೆ. ಅವನು ಕೂರಲಿಲ್ಲ. ತನ್ನನ್ನು ಗುರುತಿಸುವವರು ಯಾರಾದರೂ ಇರಬಹುದು ಎಂದ. ಊರುಗೋಲಿನಲ್ಲೇ ಕುಂಟುತ್ತಾ ಒಳಗೆ ಹೋದ. ಯಾರೂ ಅವನನ್ನು ಗುರುತಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕೋಚ್ ಹೊಸಬರನ್ನು ಸಾಲಾಗಿ ನಿಲ್ಲಿಸಿ, ಮಿತಿಯನ್ನು ಯಾಕೆ ಗೌರವಿಸಬೇಕು ಎಂದು ವಿವರಿಸಿದರು. ಮಾತು ಕೇಳದೆ ಓಡಿ ಕಾಲು ಕಳೆದುಕೊಂಡ ಒಬ್ಬ ಹಟಮಾರಿಯ ಕಥೆ ಹೇಳಿದರು. ಹುಡುಗರು ಗಂಭೀರವಾಗಿ ತಲೆಯಾಡಿಸಿದರು. ಆ ವಾರವೇ ನಾನು ಕೆಲಸ ಬಿಟ್ಟೆ. ಅದರಿಂದ ಅಲ್ಲಿ ಯಾರಿಗೂ ಏನೂ ಆಗಲಿಲ್ಲ, ನನ್ನ ಮೇಜಿಗೆ ಬೇರೊಬ್ಬರು ಬಂದರು. ನಾನೀಗ ದೋಹಾದ ನಜ್ಮಾ ಬಡಾವಣೆಯ ಸಣ್ಣ ಕ್ಲಿನಿಕ್ಕಿನಲ್ಲಿ ದರ್ಜಿಗಳ ಕತ್ತು, ಭುಜ ನೋಡುತ್ತೇನೆ.

ಒಂದು ಮಧ್ಯಾಹ್ನ ಆ ಡಿಫೆಂಡರನ ಫೋನ್ ಬಂತು. ದಿನವೂ ನಾನು ಕಲಿಸಿದ ವ್ಯಾಯಾಮ ಮಾಡುತ್ತಿದ್ದಾನಂತೆ, ಮೆಟ್ಟಿಲು ಹತ್ತುತ್ತಾನಂತೆ. ಆಮೇಲೆ ಕೇಳಿದ:

"ಇನ್ನೂ ಜಾಸ್ತಿ ಮಾಡಿದರೆ, ಮತ್ತೆ ಆಡಬಹುದಾ?"

ಅವನು ಕಳಿಸಿದ ಸ್ಕ್ಯಾನ್ ನಾನು ನೋಡಿದ್ದೆ.

"ಇಲ್ಲ," ಎಂದೆ.

ಥ್ಯಾಂಕ್ಸ್ ಹೇಳಿದ. ಬೇರೆ ಯಾರನ್ನಾದರೂ ಕೇಳಿ ನೋಡುತ್ತೇನೆ ಎಂದು ಫೋನ್ ಇಟ್ಟ.