ಗೋಡೆ ಕಡೆ ತಿರುಗಿದ ಕುರ್ಚಿ

ಸುನಂದಾ ಮೇಡಂ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಬೆನ್ನು. ಮತ್ತಿಕೆರೆಯ ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಭಾಷಣ ಕಲೆ ಕಲಿಸುತ್ತಿದ್ದರು. ಐದೈದು ಜನರ ಗುಂಪು ಮಾಡಿ, ಬೆಂಚುಗಳನ್ನು ಎದುರುಬದುರು ಎಳೆಸಿ, ಮಾತಾಡಲು ಒಂದು ವಿಷಯ ಕೊಟ್ಟು, ತಾವು ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ಕೂತುಬಿಡುತ್ತಿದ್ದರು.

ಬಾಗಲಕೋಟೆ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಬದಲಾಗಿರಲಿಲ್ಲ. "ನನ್ನ ಮಾರಿ ನೋಡಿದ್ರ ನೀವು ಬರೇ ಉತ್ತರ ಹೇಳ್ತೀರಿ. ಒಬ್ಬರ ಮಾರಿ ಒಬ್ಬರು ನೋಡ್ರಿ, ಆವಾಗ ಮಾತಾಡ್ತೀರಿ," ಎನ್ನುತ್ತಿದ್ದರು. ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು: ಬಾಯಿ ತೆರೆಯುವ ಮೊದಲು, ನಮಗಿಂತ ಮುಂಚೆ ಮಾತಾಡಿದವರು ಏನೆಂದರು ಎಂದು ಹೇಳಬೇಕು. ಯಾರಾದರೂ ಹುಡುಗ ತಪ್ಪಿದರೆ ಗೋಡೆ ಕಡೆಯಿಂದಲೇ ಮೇಡಂ ದನಿ ಬರುತ್ತಿತ್ತು: "ಗೌಡ್ರ, ಅಕಿ ಹಂಗ ಹೇಳಿಲ್ಲ. ಇನ್ನೊಮ್ಮೆ ಕೇಳ್ರಿ."

ನಾನು ಶೆಟ್ಟಿಹಳ್ಳಿಯವಳು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಗುಂಪಿನಲ್ಲಿ ಹೇಗೋ ಮಾತಾಡುತ್ತಿದ್ದೆ. ಕೊನೆಗೆ ಇಡೀ ಕ್ಲಾಸಿನ ಮುಂದೆ ಐದು ನಿಮಿಷ ಮಾತಾಡದಿದ್ದರೆ ಪಾಸಿಲ್ಲ ಎಂದಾಗ ಮೇಡಂ ಹತ್ತಿರ ಹೋದೆ.

"ಮೇಡಂ, ನನ್ ಕೈಲಾಗಲ್ಲ. ಕಾಲೇಜೇ ಬಿಟ್ಬಿಡ್ತೀನಿ."

"ಬಿಡವಾ. ಆದ್ರ ಅದನ್ನ ನನಗ ಹೇಳಬ್ಯಾಡ, ನಿನ್ನ ಗುಂಪಿಗೆ ಹೇಳು."

ಹೇಳಿದೆ. ನಮ್ಮ ಗುಂಪಿನ ಮಂಜ ನಿಯಮದಂತೆ ಮೊದಲು ನನ್ನ ಮಾತನ್ನೇ ಹೇಳಿದ: "ಐದು ನಿಮಿಷಕ್ಕೆ ಹೆದರ್ಕೊಂಡು ಮೂರು ವರ್ಷ ಓದೋದನ್ನೇ ಬಿಡ್ತೀನಿ ಅಂತಿದಾಳೆ. ಸರಿ ತಾನೆ?"

"ಲೋ, ಹಂಗಲ್ಲ ಕಣೋ!"

"ಹಂಗೇ ಕಣೇ ನೀನಂದಿದ್ದು."

ನನ್ನ ಮಾತು ಅವನ ಬಾಯಲ್ಲಿ ಕೇಳಿ ನನಗೇ ನಾಚಿಕೆಯಾಯಿತು.

ಭಾಷಣದ ದಿನ ನನ್ನ ಗುಂಪಿನ ನಾಲ್ವರೂ ಮುಂದಿನ ಬೆಂಚಿನಲ್ಲಿ ಕೂತರು. ಮೇಡಂ ಕುರ್ಚಿ ತಿರುಗಿಸಿದರು. ನಾಲ್ಕೇ ಮುಖ ನೋಡುತ್ತಾ, ನಮ್ಮಮ್ಮ ಬಸ್ ಸ್ಟಾಪಿನಲ್ಲಿ ಹೂ ಮಾರುವುದನ್ನು, ಮಳೆ ಬಂದ ದಿನ ಮಿಕ್ಕ ಹೂವನ್ನು ನಮಗೇ ಮುಡಿಸುವುದನ್ನು ಹೇಳಿದೆ. ಕೊನೆಗೆ ಗೋಡೆ ಕಡೆಯಿಂದ, "ಐದಲ್ಲ, ಎಂಟು ನಿಮಿಷ ಆತು. ಇಳಿ ಇನ್ನ!" ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆ ಡಿಗ್ರಿ ಇವತ್ತು ನಮ್ಮ ಮನೆ ಗೋಡೆಯ ಮೇಲಿದೆ.

ಮೇಡಂ ನಿವೃತ್ತರಾದಾಗ ಬೀಳ್ಕೊಡುಗೆಗೆ ಹೋಗಿದ್ದೆ. ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ಕರೆದರು. ಮೇಡಂ ಮುಖ ನೋಡುತ್ತಾ ಶುರು ಮಾಡಿದವಳು ಎರಡು ವಾಕ್ಯಕ್ಕೇ ತಡವರಿಸಿದೆ. ವೇದಿಕೆ ಮೇಲೆ ಹಾರ ಹಾಕಿಕೊಂಡು ಕೂತಿದ್ದ ಮೇಡಂ ಎದ್ದು, ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ಕೂತರು. ಜನರ ಕಡೆ ತಿರುಗಿದೆ. ಮಾತು ಬಂತು.

ಮರುದಿನವೇ ಅವರು ಊರಿಗೆ ಹೊರಟುಹೋದರಂತೆ. ಮತ್ತೆ ಭೇಟಿಯಾಗಿಲ್ಲ. ಅವತ್ತೊಂದು ದಿನ ಮಾತ್ರ ನನಗೆ ಅವರ ಮುಖ ನೋಡಿಕೊಂಡು ಮಾತಾಡಬೇಕಿತ್ತು.