ಹಬ್ಬದ ಹಕಾರ

ನವೆಂಬರ್ ಬಂತೆಂದರೆ ನನಗೆ ಸಿಟ್ಟು ಬರುತ್ತದೆ. ರಾಜ್ಯೋತ್ಸವದ ರಜೆಯ ಮೇಲಲ್ಲ. ಸಿಕ್ಕ ರಜೆಯನ್ನು ಬೈಯುವಷ್ಟು ದೊಡ್ಡ ಮನುಷ್ಯ ನಾನಲ್ಲ. ಸಿಟ್ಟು ಒಂದು ಅಕ್ಷರದ ಹೆಸರಿನಲ್ಲಿ ನಡೆಯುವ ದರ್ಬಾರಿನ ಮೇಲೆ. ಆ ಅಕ್ಷರ ‘ಹ’.

ಗಂಜಾಂನ ಅರ್ಚಕರ ಮನೆಯಲ್ಲಿ ಹುಟ್ಟಿದ ನನಗೆ ಹಕಾರ ಸಲೀಸು, ಹೊಟ್ಟೆ ಹಸಿದಾಗಲೂ ತಪ್ಪುವುದಿಲ್ಲ. ಅಕ್ಕಿಹೆಬ್ಬಾಳಿನ ಕಡೆಯ ನಮ್ಮ ಶಾಲೆಯ ಮೇಷ್ಟ್ರ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯ ರತ್ನಮ್ಮ ಮೇಡಂ ಸಿಂಧಘಟ್ಟದ ರೈತರ ಮನೆಯವರು. ಅವರ ಬಾಯಲ್ಲಿ ಹಾಲು ಆಲಾಗುತ್ತದೆ, ಹಬ್ಬ ಅಬ್ಬವಾಗುತ್ತದೆ. ಆದರೆ ಸಮಾಜ ಪಾಠವನ್ನು ಅವರ ಬಾಯಲ್ಲೇ ಕೇಳಬೇಕು. ಹಂಚಿಹೋಗಿದ್ದ ಕನ್ನಡದ ಸೀಮೆಗಳು ಐವತ್ತಾರರಲ್ಲಿ ಒಂದಾದದ್ದನ್ನು, ಪಾಲಾಗಿದ್ದ ಅಣ್ಣತಮ್ಮಂದಿರು ಮತ್ತೆ ಒಂದೇ ಒಲೆಗೆ ಬಂದ ಕಥೆಯಾಗಿ ಹೇಳುತ್ತಾರೆ. ಎಪ್ಪತ್ಮೂರರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದು ಆ ಮನೆಯ ನಾಮಕರಣ.

ಹಾಗಾಗಿ ಈ ಸಲದ ಪಥಸಂಚಲನದ ದಿನ ಮೈಕಿನಲ್ಲಿ ನಾಡಿನ ಚರಿತ್ರೆ ಹೇಳುವ ಕೆಲಸ ಅವರಿಗೇ ಬಂತು. ಖುಷಿಯಾಗಿ ಹೊಸ ಸೀರೆಗೆ ಕುಚ್ಚು ಕಟ್ಟಿಸಿಕೊಂಡರು. ತಾಲೀಮಿನಲ್ಲಿ ‘ಕನ್ನಡದಬ್ಬ’ ಎಂದದ್ದೇ ತಡ, ರಾಜ್ಯೋತ್ಸವ ಸಮಿತಿಯ ಯಜಮಾನರೊಬ್ಬರು ಕೈಯೆತ್ತಿ, ಭಾಷೆ ಶುದ್ಧವಾಗಿಲ್ಲವೆಂದು ಎಲ್ಲರ ಮುಂದೆ ಅವರನ್ನು ವೇದಿಕೆಯಿಂದ ಇಳಿಸಿ ನನ್ನನ್ನು ಕರೆದರು. ನನಗೆ ಮೈಯೆಲ್ಲ ಉರಿಯಿತು. ಆಗುವುದಿಲ್ಲ ಎಂದೆ.

ಶುದ್ಧವಂತೆ! ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹೂವು ‘ಪೂ’ ಆಗಿತ್ತು, ಹಬ್ಬ ‘ಪರ್ಬ’ವಾಗಿತ್ತು. ಆ ಪಕಾರವನ್ನು ಹಿರಿಯರು ಯಾವ ಸಮಿತಿಯ ಅಪ್ಪಣೆಯನ್ನೂ ಕೇಳದೆ ಕೈಬಿಟ್ಟರು. ಅದು ಭಾಷೆಯ ಬೆಳವಣಿಗೆಯೆಂದು ನಾವು ಪಾಠ ಮಾಡುತ್ತೇವೆ. ಪಾಂಡವಪುರ, ನಾಗಮಂಗಲದ ಜನ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಬಿಟ್ಟರೆ ಮಾತ್ರ ಅದು ತಪ್ಪು. ಇದು ಯಾವ ನ್ಯಾಯ, ನೀವೇ ಹೇಳಿ.

ಕೊನೆಗೆ ಮೈಸೂರಿನಿಂದ ನಿರೂಪಕರೊಬ್ಬರು ಬಂದರು. ಹಕಾರ ಚೊಕ್ಕವಾಗಿತ್ತು. ಮಾತುಮಾತಿಗೂ ‘ಪ್ಲೀಸ್, ಎಲ್ಲರೂ ಕ್ಲಾಪ್ಸ್ ಕೊಡಿ’ ಎಂದರು. ಮಕ್ಕಳ ಸಾಲಿಗೆ ‘ಸಾವಧಾನ್, ವಿಶ್ರಾಮ್’ ಎಂದು ಹಿಂದಿಯಲ್ಲಿ ಅಪ್ಪಣೆಯಾಯಿತು. ಸಮಿತಿಯ ಕಿವಿಗೆ ಇದ್ಯಾವುದೂ ಅಶುದ್ಧವೆನಿಸಲಿಲ್ಲ. ರತ್ನಮ್ಮ ಮೇಡಂ ಅದೇ ಕುಚ್ಚಿನ ಸೀರೆಯುಟ್ಟು ಬಿಸಿಲಿನಲ್ಲಿ ಮಕ್ಕಳಿಗೆ ನೀರು ಕುಡಿಸುತ್ತಿದ್ದರು.

ಎಲ್ಲ ಮುಗಿದ ಮೇಲೆ, ಮೇಲಿನವರಿಗೆ ದೂರು ಕೊಟ್ಟೇ ತೀರೋಣವೆಂದು ನಾನು ಕೂಗಾಡಿದೆ. ಮೇಡಂಗೂ ನೋವಾಗಿತ್ತು. ಕಣ್ಣು ಒರೆಸಿಕೊಂಡರು. ಆಮೇಲೆ ಅಂದರು:

“ಬುಡಿ ಸಾ. ಅವ್ರ ಕನ್ನಡಕ್ಕೆ ಇವತ್ತು ಅಬ್ಬ, ನಾಳಿಂದ ರಜ. ನಮ್ ಕನ್ನಡಕ್ಕೆ ನಾಳೆನೂ ಕೆಲ್ಸ ಅದೆ.”