ಹನ್ನೊಂದು ಮಾರ್ಕು

ಆ ಗುರುವಾರ ಮಾಡಿದ್ದು: ಗಂಡನ ಬುತ್ತಿ ಕಟ್ಟಿದೆ, ಬಾಲ್ಕನಿಯ ಧೂಳು ಒರೆಸಿದೆ, ಈ ಗಲ್ಫ್ ದೇಶದಲ್ಲಿ ನಮ್ಮ ಮನೆಯಿರುವ ಸೆಗಯಾದಿಂದ ಕಚೇರಿಯಿರುವ ಸೀಫ್‌ಗೆ ಆಫೀಸಿನ ವ್ಯಾನು ಹಿಡಿದೆ, ಏಳು ಜನರ ವೀಸಾ ಅರ್ಜಿ ಟೈಪ್ ಮಾಡಿದೆ. ಎಂಟನೆಯದನ್ನು ಎರಡನೇ ಸಲ ಮಾಡಿದೆ.

ಅದು ನಮ್ಮ ಕಂಪನಿಯ ಜಿಮ್ಮಿಗೆ ಬಂದಿದ್ದ ಆಸ್ಟ್ರೇಲಿಯಾದವರದ್ದು. ಬಾಗಿಲಲ್ಲಿ ತಲೆ ಬಗ್ಗಿಸಬೇಕು, ಅಷ್ಟು ಎತ್ತರ. ಅವರ ದೇಶದ್ದೇ ಒಂದು ಫುಟ್‌ಬಾಲ್ ಉಂಟಂತೆ, ಮೊಟ್ಟೆಯಂಥ ಚೆಂಡು, ಕೈಯಲ್ಲೂ ಹಿಡಿಯಬಹುದು. ಹನ್ನೆರಡು ವರ್ಷ ಅದನ್ನು ಆಡಿ, ಎರಡು ಸಲ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ಈಗ ಇಲ್ಲಿ ಹೊಟ್ಟೆ ಇಳಿಸುವವರನ್ನು ಓಡಿಸುತ್ತಿದ್ದರು.

ಎರಡು ವಾರದ ಹಿಂದೆ ಅವರು ಹೇಳಿದಂತೆ ಅರ್ಜಿ ತುಂಬಿಸಿದ್ದೆ. ಸಾಧನೆ ಏನು ಎಂದು ಕೇಳಿದ್ದಕ್ಕೆ "ಅತಿ ಹೆಚ್ಚು ಮಾರ್ಕ್ಸ್, ಹನ್ನೊಂದು" ಅಂದರು.

"ಎಷ್ಟಕ್ಕೆ?"

"ಅದಕ್ಕೆ ಮಿತಿ ಇಲ್ಲ ಮೇಡಂ."

ಪಾಪ, ಓದಿನಲ್ಲಿ ಹಿಂದೆ ಇರಬೇಕು, ಕೆದಕುವುದು ಬೇಡ ಎಂದು ವಿದ್ಯಾಭ್ಯಾಸದ ಕಾಲಮ್ಮಿನಲ್ಲಿ ಹಾಕಿಬಿಟ್ಟೆ. ಆ ಗುರುವಾರ, ಅಂಕಪಟ್ಟಿ ಲಗತ್ತಿಸಿ ಎಂದು ಅರ್ಜಿ ವಾಪಸು ಬಂತು. ತಂದವರು ನಮ್ಮ ಮಂದೂಬ್, ಸರಕಾರಿ ಕಚೇರಿಗಳಿಗೆ ಕಾಗದ ಒಯ್ಯುವ ಉಳ್ಳಾಲದವರು.

"ಅಕ್ಕಾ, ಹನ್ನೊಂದು ಮಾರ್ಕಿಗೆ ನಮ್ಮೂರಲ್ಲಿ ಫೇಲ್ ಮಾಡ್ತಾರೆ. ನೀವು ವೀಸಾ ಕೇಳಿದ್ದೀರಲ್ಲ."

ನನಗೆ ನಗು ಬರಲಿಲ್ಲ. ಆ ಭಾನುವಾರ ಆಸ್ಟ್ರೇಲಿಯಾದವರ ಮಗಳು ತಮ್ಮೂರಲ್ಲಿ ಅದೇ ಫುಟ್‌ಬಾಲಿನ ದೊಡ್ಡ ತಂಡಕ್ಕೆ ಮೊದಲ ಸಲ ಆಡುವವಳಿದ್ದಳು. ಮೊದಲ ಆಟದ ದಿನ ಮನೆಯವರೊಬ್ಬರು ಎಲ್ಲರೆದುರು ಜೆರ್ಸಿ ಕೈಗೆ ಕೊಡುವುದು ಅಲ್ಲಿಯ ಪದ್ಧತಿ. ಅಪ್ಪನೇ ಕೊಡಬೇಕು ಎಂದಿದ್ದಳಂತೆ. ಅರ್ಜಿ ಮುಗಿಯುವ ಮೊದಲು ದೇಶ ಬಿಟ್ಟರೆ ವೀಸಾ ರದ್ದು, ಕೆಲಸವೂ ಇಲ್ಲ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಹೊಸ ಅರ್ಜಿ ಹಾಕಿದರೂ ಶುಕ್ರವಾರ, ಶನಿವಾರ ಕಚೇರಿ ಮುಚ್ಚಿರುತ್ತದೆ.

ಆಸ್ಟ್ರೇಲಿಯಾದವರನ್ನು ಕರೆಸಿ ನನ್ನ ತಪ್ಪು ಎಂದೆ. ಬೈಯಲಿಲ್ಲ. ಎದುರಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಅದು ಮಾರ್ಕ್. ಹಿಡಿದ ಮೇಲೆ ಯಾರೂ ಮೈಮೇಲೆ ಬೀಳುವ ಹಾಗಿಲ್ಲ, ನಿಧಾನಕ್ಕೆ ಒದೆಯಬಹುದು. ಒಂದೇ ಆಟದಲ್ಲಿ ನಾನು ಹನ್ನೊಂದು ಹಿಡಿದಿದ್ದೆ" ಎಂದು ವಿವರಿಸಿದರು.

"ಮ್ಯಾನೇಜರ್ ಹತ್ರ ನಾನೇ ಹೋಗಿ ಹೇಳ್ತೇನೆ" ಎಂದೆ.

"ಹೇಳಿದರೆ ನಾಳೆ ವಿಮಾನ ಹತ್ತಬಹುದಾ?"

"ಇಲ್ಲ."

ಅಲ್ಲಿಂದಲೇ ಮಗಳಿಗೆ ಫೋನ್ ಹಚ್ಚಿದರು. ನಾನು ಎದ್ದು ಹೋಗಬೇಕಿತ್ತು. ಆದರೆ ಗೋಡೆಗೂ ಅವರ ಕಾಲಿಗೂ ನಡುವೆ ದಾರಿ ಇರಲಿಲ್ಲ, ತೆರೆಯುವಂಥ ಕಿಟಕಿಯೂ ಇಲ್ಲ.

"ಅಜ್ಜನ ಕೈಯಿಂದ ತಗೋ" ಎಂದರು. ಯಾರ ತಪ್ಪು ಎಂದು ಅವಳು ಕೇಳಿರಬೇಕು. "ಇಲ್ಲ ಮಗಳೇ, ಯಾರದ್ದೂ ತಪ್ಪಲ್ಲ. ಕಾಗದದ್ದು."

ನನ್ನ ತಂಗಿಯ ಮದುವೆಗೂ ನಾನು ಹೋಗಿರಲಿಲ್ಲ, ಅದೂ ಕಾಗದದ್ದೇ. ಅವರ ಅರ್ಜಿಯನ್ನು ಮತ್ತೆ ಟೈಪ್ ಮಾಡುತ್ತಾ ಕೂತೆ. ಫೋನ್ ಇಟ್ಟ ಮೇಲೂ ಅವರು ಏಳಲಿಲ್ಲ. ವ್ಯಾನು ಬರುವವರೆಗೆ ನಾವಿಬ್ಬರೂ ಹಾಗೆಯೇ ಇದ್ದೆವು.

ಹಿದ್‌ನ ಬಂದರಿನ ಕೆಲಸ ಮುಗಿಸಿ ಗಂಡ ಮನೆಗೆ ಬಂದಾಗ ಎಲ್ಲ ಹೇಳಿದೆ. ಹನ್ನೊಂದು ಮಾರ್ಕಿಗೆ ನಕ್ಕರು, ಆಮೇಲೆ ನಗಲಿಲ್ಲ.

"ಬೈದರಾ?"

"ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು."

ಗಂಜಿ, ಹುರಿದ ಬಂಗುಡೆ, ಮಾವಿನ ಉಪ್ಪಿನಕಾಯಿ ಉಂಡೆವು. ಗಂಡನಿಗೆ ಮೊದಲು ನಿದ್ದೆ ಬಂತು.